ಅಗ್ನಿಶಾಮಕ ಠಾಣೆಯಲ್ಲೇ 108 ನಿಂತರೆ: ಜಾಗ, ಕರೆ, ಕೆಲಸದ ಹಂಚಿಕೆ

ನಕ್ಷೆ_ರಂಗ
ತಾಲೂಕು ಕೇಂದ್ರವೊಂದರಲ್ಲಿ ಹೊಸ ಅಗ್ನಿಶಾಮಕ ಠಾಣೆಯ ನಕ್ಷೆ ತಯಾರಾಗುತ್ತಿದೆ. ಜಾಗ ಒಂದು ಎಕರೆ, ಎದುರಿಗೆ ರಾಜ್ಯ ಹೆದ್ದಾರಿ. ಎರಡು ಗಾಡಿ ನಿಲ್ಲಲು ಬೇ, ಕರೆ ಸ್ವೀಕರಿಸುವ ವಾಚ್ ರೂಮ್, ಸಿಬ್ಬಂದಿ ಮಲಗುವ ಬ್ಯಾರಕ್, ನೆಲದಡಿ ಸಂಪು, ಹಿಂದೆ ಡ್ರಿಲ್ ಮೈದಾನ, ಇಷ್ಟು ಮೊದಲಿನ ಯೋಜನೆ. ಈಗ "108 ಆಂಬುಲೆನ್ಸನ್ನೂ ಅಲ್ಲೇ ನಿಲ್ಲಿಸಿ, ಎರಡೂ ಒಟ್ಟಿಗೆ ಹೊರಡಲಿ" ಎಂಬ ಸಲಹೆ ಬಂದಿದೆ. ಮೂರನೇ ಬೇ ಸೇರಿಸಿದರೆ ಸಾಕೇ? ಒಂದೇ ಕಾಂಪೌಂಡಿನಲ್ಲಿದ್ದ ಮಾತ್ರಕ್ಕೆ ಕೆಲಸ ಒಟ್ಟಿಗೆ ಆಗುತ್ತದೆಯೇ? ಎರಡೂ ಕಡೆಯ ಕೆಲಸ ಬಲ್ಲವರು ಹೇಳಿ.

ವಾಚ್‌ರೂಮ್_ಗಂಟೆ
ರಂಗ ಅವರೇ, ಬೇ ಆಮೇಲೆ. ಮೊದಲು ಗೇಟು ನೋಡಿ.

ವಾಟರ್ ಟೆಂಡರ್, ಅಂದರೆ ನೀರು ಹೊತ್ತ ಅಗ್ನಿಶಾಮಕ ಗಾಡಿ, ದಿನದ ಬಹುಪಾಲು ನಿಂತೇ ಇರುತ್ತದೆ. ಕರೆ ಬಂದಾಗ ಮಾತ್ರ 4,500 ಲೀಟರ್ ನೀರಿನ ಭಾರ ಹೊತ್ತು ಒಂದೇ ಸಲಕ್ಕೆ ಹೊರಬೀಳಬೇಕು. ಆಂಬುಲೆನ್ಸ್ ಹಾಗಲ್ಲ. ಹೋಗುತ್ತದೆ, ಬರುತ್ತದೆ, ಡೀಸೆಲ್ ಹಾಕಿಸಲು ಹೋಗುತ್ತದೆ, ಒಳಗೆ ತೊಳೆಯಲು ಅಂಗಳದಲ್ಲಿ ನಿಲ್ಲುತ್ತದೆ. ಎರಡಕ್ಕೂ ಒಂದೇ ಅಂಗಳ, ಒಂದೇ ಗೇಟು ಕೊಟ್ಟರೆ, ತೊಳೆಯಲು ನಿಲ್ಲಿಸಿದ ಆಂಬುಲೆನ್ಸ್ ಟೆಂಡರಿಗೆ ಅಡ್ಡ ಬರುವುದು ಖಂಡಿತ. ಆಂಬುಲೆನ್ಸ್ ಬೇ ಸಾಲಿನ ಕೊನೆಯಲ್ಲಿರಲಿ, ಅದಕ್ಕೆ ಪಕ್ಕದಿಂದ ಬೇರೆ ದಾರಿ ಇರಲಿ. ತೊಳೆಯುವ ಕಟ್ಟೆ ಹಿಂಭಾಗದಲ್ಲಿ.

ಅಳತೆ: ಟೆಂಡರ್ ಬೇ 5 ಮೀಟರ್ ಅಗಲಕ್ಕಿಂತ ಕಡಿಮೆ ಬೇಡ, ಬಾಗಿಲ ಎತ್ತರ 4.2 ಮೀಟರ್. ಆಂಬುಲೆನ್ಸಿಗೆ ಅಗಲ 4.2 ಸಾಕು, ಆದರೆ ಹಿಂದಿನ ಬಾಗಿಲು ಪೂರ್ತಿ ತೆರೆದು ಸ್ಟ್ರೆಚರ್ ಎಳೆಯಲು ಗಾಡಿಯ ಹಿಂದೆ ಎರಡೂವರೆ ಮೀಟರ್ ಖಾಲಿ ಜಾಗ ಬೇಕು. ಆ ಬಾಗಿಲಿಗೂ 4.2 ಎತ್ತರವನ್ನೇ ಕೊಡಿ. ನಾಳೆ ಅಲ್ಲಿ ರೆಸ್ಕ್ಯೂ ವ್ಯಾನ್ ನಿಲ್ಲಿಸಬೇಕಾಗಿ ಬಂದರೆ ಲಿಂಟಲ್ ಒಡೆಯುವುದು ತಪ್ಪುತ್ತದೆ.

ಇನ್ನೊಂದು ಹೊಗೆಯ ವಿಷಯ. ಬ್ಯಾಟರಿ ಇಳಿಯಬಾರದು, ಒಳಗೆ ತಂಪಾಗಿರಬೇಕು ಎಂದು ಆಂಬುಲೆನ್ಸ್ ಎಂಜಿನ್ ಚಾಲೂ ಬಿಡುವ ಅಭ್ಯಾಸ ಇದೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2012ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಅಗ್ನಿಶಾಮಕ ವೃತ್ತಿಯನ್ನೂ 2022ರಲ್ಲಿ ಅದೇ ಗುಂಪಿಗೆ ಹಾಕಿತು. ಬೇ ಮತ್ತು ಬ್ಯಾರಕ್ ನಡುವೆ ನೇರ ಬಾಗಿಲು ಇಡಬೇಡಿ. ಮಧ್ಯೆ ಒಂದು ಸಣ್ಣ ಮೊಗಸಾಲೆ, ಎರಡೂ ತುದಿಗೆ ತಾನಾಗಿ ಮುಚ್ಚುವ ಬಾಗಿಲು. ಬೆಂಕಿಗೆ ಹೋಗಿ ಬಂದ ಕೋಟು, ಬೂಟುಗಳಿಗೆ ಬೇ ಕಡೆಗೆ ತೆರೆಯುವ ಕೋಣೆ. ಅವು ಮಲಗುವ ಕಡೆ ಬರಲೇಬಾರದು.

ನೀಲಿದೀಪ
ಗಂಟೆ ಸರ್ ಹೇಳಿದ್ದು ಖರೆ ಐತ್ರಿ. ಎಂಜಿನ್ ಚಾಲೂ ಬಿಡೋದು ಯಾರಿಗೂ ಶೋಕಿ ಅಲ್ಲ. ವೆಂಟಿಲೇಟರ್, ಮಾನಿಟರ್, ಸಕ್ಷನ್, ಸಿರಿಂಜ್ ಪಂಪ್ ಎಲ್ಲಾ ಚಾರ್ಜ್‌ನ್ಯಾಗ ಇರಬೇಕು. ಬೇದಾಗ 16 ಆಂಪಿಯರ್ ಸಾಕೆಟ್ ಕೊಟ್ಟು, ಜನರೇಟರ್ ಲೈನಿಗೆ ಸೇರಿಸಿದ್ರ ಎಂಜಿನ್ ಬಂದ್ ಮಾಡಬಹುದು. ಪ್ಲಗ್ ಮಾತ್ರ ಸ್ಟಾರ್ಟ್ ಮಾಡಿದ ಕೂಡಲೆ ತಾನಾಗಿ ಹೊರಗ ಜಿಗಿಯೋ ಥರದ್ದು ಹಾಕಿಸ್ರಿ. ಸಾದಾ ಪ್ಲಗ್ ಹಾಕಿದ್ರ, ರಾತ್ರಿ ಗಡಿಬಿಡಿಯೊಳಗ ವೈರ್ ಕಿತಗೊಂಡು ಗೋಡೆ ಸಾಕೆಟ್ ಸಮೇತ ಹೋಗ್ತಾವ.

ನೆರಳು ಭಾಳ ಮುಖ್ಯ. ಏಪ್ರಿಲ್, ಮೇ ತಿಂಗಳದಾಗ ರಾಯಚೂರು, ಕಲಬುರಗಿ ಬಿಸಲಾಗ ನಿಂತ ಗಾಡಿ ಒಳಗ ಹೊರಗಿಗಿಂತ ಜಾಸ್ತಿ ಕಾವು. ಹೆರಿಗೆ ಆದ ಮ್ಯಾಲೆ ರಕ್ತಸ್ರಾವ ತಡೆಯೋ ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ಒಳಗ ಇರಬೇಕು. ಸಕ್ಕರಿ ನೋಡೋ ಸ್ಟ್ರಿಪ್ ಸುದ್ದಾ ಕಾವಿಗೆ ತಪ್ಪು ತೋರಿಸ್ತದ. ಹಂಗಾಗಿ ಮುಚ್ಚಿದ ಬೇ, ಮತ್ತ ಔಷಧಕ್ಕಂತನ ಒಂದು ಸಣ್ಣ ಫ್ರಿಜ್. ಅದರಾಗ ಮೊಸರು, ತರಕಾರಿ ಇಡಬಾರದು ಅಂತ ಬೋರ್ಡ್ ಬರೀರಿ. ಬರೆದ್ರೂ ಇಡ್ತಾರ, ಆ ಮಾತು ಬ್ಯಾರೆ.

ಆಕ್ಸಿಜನ್ ಲೆಕ್ಕ: ಬಿ ಟೈಪ್ ಸಿಲಿಂಡರ್‌ನ್ಯಾಗ ಸುಮಾರು 1,500 ಲೀಟರ್ ಇರ್ತದ. ನಿಮಿಷಕ್ಕ 15 ಲೀಟರ್ ಬಿಟ್ರ 100 ನಿಮಿಷ. ಇಬ್ಬರು ಗಾಯಾಳು ಇದ್ರ 50. ಜಿಲ್ಲಾ ಆಸ್ಪತ್ರಿ 60 ಕಿಲೋಮೀಟರ್ ದೂರ ಇದ್ದ ತಾಲೂಕಿನಾಗ ಅದು ಸಾಲೂದಿಲ್ಲ. ಠಾಣೆದಾಗ ತುಂಬಿದ ನಾಲ್ಕು ಸಿಲಿಂಡರ್ ಸ್ಟಾಕ್ ಇದ್ರ ಸಿಲಿಂಡರ್ ಬದಲಿಸಾಕ ಅಂತ ಗಾಡಿ ಊರಿಗೆ ಓಡೋದು ತಪ್ತದ.

ವಾಚ್‌ರೂಮ್_ಗಂಟೆ
ಆ ಸ್ಟಾಕ್ ಎಲ್ಲಿಡುತ್ತೀರಿ ಎನ್ನುವುದು ನಮ್ಮ ತಲೆನೋವು. ಅಗ್ನಿಶಾಮಕ ಠಾಣೆಯ ಸ್ಟೋರ್ ತುಂಬ ಗ್ರೀಸ್, ಹೈಡ್ರಾಲಿಕ್ ಎಣ್ಣೆ, ಪೋರ್ಟಬಲ್ ಪಂಪಿನ ಪೆಟ್ರೋಲ್. ಒತ್ತಡದ ಆಕ್ಸಿಜನ್ ಜೊತೆ ಎಣ್ಣೆಯ ಪಸೆ ಸೇರಿದರೆ ಕಿಡಿಯ ಅಗತ್ಯವೂ ಇಲ್ಲದೆ ಹೊತ್ತಿಕೊಳ್ಳಬಹುದು. ಬೇರೆ ಕೋಣೆ, ಗಾಳಿ ಆಡುವ ಜಾಲರಿ, ಇಂಧನದಿಂದ 20 ಅಡಿ ದೂರ ಅಥವಾ ನಡುವೆ ಬೆಂಕಿ ತಡೆಯುವ ಗೋಡೆ. ಸಿಲಿಂಡರ್ ನಿಲ್ಲಿಸಿ ಸರಪಳಿ ಹಾಕಬೇಕು. ಗ್ರೀಸ್ ಮೆತ್ತಿದ ಕೈಯಲ್ಲಿ ಕೀ ತಿರುಗಿಸಬಾರದು.

ಇದರ ಜೊತೆಗೆ ಒಂದು ಗೊಂದಲ ಶುರುವಾಗುತ್ತದೆ. ಹೊಗೆಯೊಳಗೆ ಹೋಗುವಾಗ ನಾವು ಉಸಿರಾಡಲು ಬೆನ್ನಿಗೆ ಕಟ್ಟುವ ಬಿಎ ಸೆಟ್ಟಿನ ಸಿಲಿಂಡರ್‌ನಲ್ಲಿ ಇರುವುದು ಒತ್ತಿ ತುಂಬಿದ ಬರೀ ಗಾಳಿ, ಆಕ್ಸಿಜನ್ ಅಲ್ಲ. 6.8 ಲೀಟರ್ ಗಾತ್ರ, 300 ಬಾರ್, ಅಂದರೆ ಸುಮಾರು 2,000 ಲೀಟರ್ ಗಾಳಿ. ಅದನ್ನು ರೋಗಿಗೆ ಕೊಟ್ಟು ಆಕ್ಸಿಜನ್ ಕೊಟ್ಟೆವು ಎಂದುಕೊಳ್ಳಬಾರದು. ಎರಡೂ ಒಂದೇ ಕಪಾಟಿನಲ್ಲಿದ್ದರೆ ಕತ್ತಲೆಯಲ್ಲಿ ಕೈ ತಪ್ಪುತ್ತದೆ. ಕೋಣೆಯೇ ಬೇರೆ ಇರಲಿ.

ನೀಲಿದೀಪ
ಒಪ್ಪಿದೆ ಸರ್. ಮತ್ತ ರಂಗ ಅವರ, ನಕ್ಷೆದಾಗ ಹೆಣ್ಣಮಕ್ಕಳಿಗೆ ಬ್ಯಾರೆ ವಿಶ್ರಾಂತಿ ಕೋಣೆ, ಶೌಚಾಲಯ ಹಾಕೀರೇನು? 108ರ ಸ್ಟಾಫ್ ನರ್ಸ್‌ಗಳೊಳಗ ಹೆಣ್ಣಮಕ್ಕಳು ಅದಾರ, ರಾತ್ರಿ ಪಾಳಿನೂ ಮಾಡ್ತಾರ. ಇದೊಂದು ಇಲ್ಲಂದ್ರ ಗಾಡಿ ಕಾಗದದ ಮ್ಯಾಲೆ ನಿಮ್ಮ ಠಾಣೆದಾಗ ಇರ್ತದ, ಖರೆ ಅಂದ್ರ ತಾಲೂಕು ಆಸ್ಪತ್ರಿ ಮುಂದ ನಿಂತಿರ್ತದ.

ಕಸದ್ದು ಒಂದು ಮಾತು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್ ಹಳದಿ ಚೀಲಕ್ಕ, ಐವಿ ಟ್ಯೂಬು, ಗ್ಲೌಸು ಕೆಂಪಿಗೆ, ಸೂಜಿ ಚುಚ್ಚದ ಬಿಳಿ ಡಬ್ಬಿಗೆ. ಇದು ಠಾಣೆ ತೊಟ್ಟಿಗೆ ಬೀಳಬಾರದು. ರೋಗಿನ್ನ ಇಳಿಸಿದ ಆಸ್ಪತ್ರಿಯೊಳಗನ ಕೊಟ್ಟು ಬರೋದು ಸರಳ. ಗಾಡಿ ನೆಲದ ಮ್ಯಾಲಿನ ರಕ್ತಕ್ಕ 1 ಪರ್ಸೆಂಟ್ ಹೈಪೋಕ್ಲೋರೈಟ್ ಹಾಕಿ ಹತ್ತು ನಿಮಿಷ ಬಿಟ್ಟು ಒರಿಸಬೇಕು. ಆ ನೀರು ನಿಮ್ಮ ಹೋಸ್ ತೊಳಿಯೋ ಕಟ್ಟಿಗೆ ಹರೀಬಾರದು. ಕ್ಲೋರಿನ್ ಕ್ಯಾನ್ವಾಸ್ ಹೋಸಿಗೂ ಛಲೋದಲ್ಲ.

ಕರೆ_ಕೇಳುವವ
ಕಟ್ಟಡದ ಮಾತು ಚೆನ್ನಾಗಿದೆ. ಆದರೆ ರಂಗ ಅವರ ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಒಂದೇ ಕಾಂಪೌಂಡು ಅಂದ ಮಾತ್ರಕ್ಕೆ ಒಟ್ಟಿಗೆ ಹೊರಡುವುದಿಲ್ಲ. ಹೊರಡಿಸುವವರು ಬೇರೆ ಬೇರೆ.

108 ಆರೋಗ್ಯ ಕವಚ ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ಆರೋಗ್ಯ ಇಲಾಖೆಯ ಯೋಜನೆ, ಅದಕ್ಕೆ ಸ್ವಂತ ಕಾಲ್ ಸೆಂಟರ್. ಅಗ್ನಿಶಾಮಕ ಇಲಾಖೆ ಗೃಹ ಇಲಾಖೆಯ ಕೆಳಗೆ, 1964ರ ಕಾಯ್ದೆಯಡಿ, ಅದಕ್ಕೆ 101 ಮತ್ತು ಸ್ವಂತ ನಿಯಂತ್ರಣ ಕೊಠಡಿ. ಎಲ್ಲ ತುರ್ತಿಗೂ ಒಂದೇ ಸಂಖ್ಯೆಯಾದ 112 ಬಂದ ಮೇಲೂ ಆಂಬುಲೆನ್ಸ್ ಬೇಕಾದ ಕರೆ 108ರ ಕಡೆ ದಾಟಬೇಕು. ಹೆದ್ದಾರಿಯಲ್ಲಿ ಕಾರು ಲಾರಿಗೆ ಗುದ್ದಿತು ಎನ್ನಿ. ನೋಡಿದವನು 108ಕ್ಕೆ ಮಾಡುತ್ತಾನೆ. "ಎಷ್ಟು ಜನಕ್ಕೆ ಪೆಟ್ಟಾಗಿದೆ, ಉಸಿರಾಡುತ್ತಿದ್ದಾರಾ" ಎಂದು ಕೇಳಿದರೆ ಉತ್ತರ ಸಿಗುತ್ತದೆ. "ಯಾರಾದರೂ ಒಳಗೆ ಸಿಕ್ಕಿಹಾಕಿಕೊಂಡಿದ್ದಾರಾ" ಎಂದು ಕೇಳದಿದ್ದರೆ ಆಂಬುಲೆನ್ಸ್ ಒಂದೇ ಹೋಗುತ್ತದೆ. ಅಲ್ಲಿ ನೋಡಿ ಅವರು ಫೋನ್ ಮಾಡಿದ ಮೇಲೆ ಟೆಂಡರ್ ಹೊರಡುತ್ತದೆ. ಎರಡು ಗಾಡಿ ಒಂದೇ ಮಾಡಿನ ಕೆಳಗಿದ್ದೂ ಹದಿನೈದಿಪ್ಪತ್ತು ನಿಮಿಷದ ಅಂತರ ಬೀಳುವುದು ಹೀಗೆ.

ಇದಕ್ಕೆ ಮದ್ದು ದುಬಾರಿಯದಲ್ಲ. ಎರಡೂ ಕಡೆಯ ಪ್ರಶ್ನಾವಳಿಯಲ್ಲಿ ಮೂರು ಪ್ರಶ್ನೆ ಕಡ್ಡಾಯ ಇರಲಿ: ಯಾರಾದರೂ ಸಿಕ್ಕಿಕೊಂಡಿದ್ದಾರಾ, ಹೊಗೆ, ಬೆಂಕಿ, ಗ್ಯಾಸ್ ವಾಸನೆ ಇದೆಯಾ, ನೀರು, ಬಾವಿ, ಗುಂಡಿ, ಎತ್ತರ ಇದೆಯಾ. ಒಂದಕ್ಕೆ ಹೌದು ಎಂದರೂ ಎರಡು ಸೇವೆಯೂ ಒಟ್ಟಿಗೆ ಹೊರಡಬೇಕು. ಹೋಗಿ ನೋಡಿ ಬೇಡವಾದವರು ವಾಪಸ್ ಬರಲಿ. ಠಾಣೆಯ ಮಟ್ಟದಲ್ಲಿ ಆಗುವುದೂ ಒಂದಿದೆ: ಆಂಬುಲೆನ್ಸ್‌ಗೆ ಬಂದ ಅಪಘಾತದ ಕರೆಯನ್ನು ಪೈಲಟ್ (ಆಂಬುಲೆನ್ಸ್ ಚಾಲಕ) ವಾಚ್ ರೂಮಿಗೆ ಕೂಗಿ ಹೇಳಿ ಹೊರಡಬೇಕು, ವಾಚ್ ರೂಮಿನವರು ನಿಯಂತ್ರಣ ಕೊಠಡಿಗೆ ತಿಳಿಸಿ ಅನುಮತಿ ಪಡೆಯಬೇಕು. ಇದಕ್ಕೆ ಲಿಖಿತ ಆದೇಶ ಇರಲಿ, ಇಲ್ಲದಿದ್ದರೆ ಆ ಠಾಣಾಧಿಕಾರಿ ವರ್ಗವಾದ ದಿನವೇ ಅದೂ ವರ್ಗವಾಗುತ್ತದೆ.

ಚಿಲ್ಲರೆ_ಪ್ರಶ್ನೆ
ಇಷ್ಟೆಲ್ಲ ತಾಪತ್ರಯ ಯಾಕೆ? ಹೊರದೇಶದಲ್ಲಿ ಎರಡೂ ಒಂದೇ ಇಲಾಖೆ ಅಲ್ಲವೇ. ಇಲ್ಲೂ ಸೇರಿಸಿಬಿಟ್ಟರೆ ಮುಗಿಯಿತು.

ಒಸಾಕಾ_ಉಪ್ಪಿಟ್ಟು
ಜಪಾನಿನಲ್ಲಿ ಒಂದೇ. ಅಗ್ನಿಶಾಮಕದವರು ಆಂಬುಲೆನ್ಸ್ ಓಡಿಸಿದ್ದು ಮೊದಲು ಯೋಕೊಹಾಮಾದಲ್ಲಿ, 1933ರಲ್ಲಿ. 1963ರಲ್ಲಿ ಕಾನೂನು ತಿದ್ದಿ ಅದನ್ನು ಅಗ್ನಿಶಾಮಕ ಇಲಾಖೆಗಳ ಕರ್ತವ್ಯವನ್ನಾಗಿ ಮಾಡಿದರು. 119ಕ್ಕೆ ಮಾಡಿದರೆ ಮೊದಲ ಪ್ರಶ್ನೆ "ಬೆಂಕಿಯೋ, ಆಂಬುಲೆನ್ಸೋ?". ಆಂಬುಲೆನ್ಸಿನಲ್ಲಿ ಮೂವರು. ಹೃದಯ ನಿಂತ ಕರೆ, ಮೇಲಿನ ಮಹಡಿಯಿಂದ ಹೊತ್ತು ಇಳಿಸುವ ಕರೆ, ಆಂಬುಲೆನ್ಸ್ ದೂರದಲ್ಲಿರುವ ಕರೆ ಇಂಥವಕ್ಕೆ ಪಂಪ್ ಗಾಡಿಯನ್ನೂ ಜೊತೆಗೆ ಕಳಿಸುತ್ತಾರೆ. ಪಂಪಿನ ಪಿ, ಆಂಬುಲೆನ್ಸಿನ ಎ ಸೇರಿಸಿ ಅದನ್ನು ಪಿಎ ಜೋಡಿ ಎನ್ನುತ್ತಾರೆ. ಬೆಂಕಿ ಇಲ್ಲದ ಮನೆಗೆ ಕೆಂಪು ಗಾಡಿ ಯಾಕೆ ಬಂತು ಎಂದು ನೆರೆಯವರು ಗಾಬರಿಯಾಗುವುದು ಅಲ್ಲಿ ಮಾಮೂಲು.

ಇದರ ಹಿಂದಿನ ಲೆಕ್ಕ ಸರಳ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್, ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಬೇಕು. ಇಬ್ಬರೇ ಇದ್ದರೆ ಒಬ್ಬ ಒತ್ತುತ್ತಾನೆ, ಇನ್ನೊಬ್ಬ ಉಸಿರು ಕೊಡುತ್ತಾನೆ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಹಚ್ಚಲು, ಮನೆಯವರನ್ನು ಸರಿಸಲು, ಸ್ಟ್ರೆಚರ್ ತರಲು ಯಾರೂ ಇಲ್ಲ.

ಕ್ವೀನ್ಸ್_ರಾಯರು
ನ್ಯೂಯಾರ್ಕ್ ಬೇರೆ ಪಾಠ ಹೇಳುತ್ತದೆ. ನಗರದ ಆಂಬುಲೆನ್ಸ್ ಸೇವೆ ಆಸ್ಪತ್ರೆ ನಿಗಮದ ಕೈಯಲ್ಲಿತ್ತು. 1996ರ ಮಾರ್ಚ್ 17ರಂದು ಅಗ್ನಿಶಾಮಕ ಇಲಾಖೆಗೆ ಸೇರಿಸಿದರು. ಇಂದಿಗೂ ಆಂಬುಲೆನ್ಸ್ ಠಾಣೆಗಳು ಬಹುತೇಕ ಬೇರೆ ಕಟ್ಟಡದಲ್ಲಿವೆ. ಸಂಬಳ ಬೇರೆ, ಸಂಘ ಬೇರೆ, ಆಂಬುಲೆನ್ಸಿನವರಿಗೆ ಕಡಿಮೆ ಎಂಬ ಜಗಳ ಇನ್ನೂ ತೀರಿಲ್ಲ. ಹಾಗಿದ್ದೂ ಬೀದಿಯಲ್ಲಿ ಕೆಲಸ ನಡೆಯುತ್ತದೆ. ಎಂಜಿನ್ ಕಂಪನಿ ಎನ್ನುವ ಅಗ್ನಿಶಾಮಕ ಗಾಡಿಯ ತಂಡದವರಿಗೆ ಪ್ರಥಮ ಚಿಕಿತ್ಸೆ, ಆಕ್ಸಿಜನ್, ಡಿಫಿಬ್ರಿಲೇಟರ್ ತರಬೇತಿ ಇದೆ, ಹೃದಯ ನಿಂತದ್ದು, ಗಂಟಲಿಗೆ ಸಿಕ್ಕಿದ್ದು ಮೊದಲಾದ ಕರೆಗೆ ಅವರನ್ನೂ ತಾನಾಗಿ ಕಳಿಸುವ ವ್ಯವಸ್ಥೆ ಇದೆ.

ಚಿಲ್ಲರೆ ಅವರೇ, ಇಲಾಖೆ ಸೇರಿಸಿದರೆ ಮುಗಿಯಿತು ಎನ್ನುವವರು ಆ ಸಂಬಳದ ಪಟ್ಟಿಯನ್ನು ಒಮ್ಮೆ ನೋಡಬೇಕು.

ಲೀಡ್ಸ್_ಕನ್ನಡತಿ
ಇಂಗ್ಲೆಂಡಿನಲ್ಲಿ ಇಲಾಖೆಗಳು ಬೇರೆಯೇ. 2017ರ ಪೊಲೀಸಿಂಗ್ ಮತ್ತು ಅಪರಾಧ ಕಾಯ್ದೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂವರೂ ಸಹಕಾರದ ಅವಕಾಶ ಹುಡುಕಲೇಬೇಕು ಎಂದಿತು. ಹಂಚಿಕೊಂಡ ಠಾಣೆಗಳು ಹಲವು ಕಡೆ ಇವೆ, ಕಟ್ಟಡದ ಖರ್ಚು ಉಳಿದದ್ದೂ ಹೌದು.

ಆದರೆ ಕರೆ_ಕೇಳುವವ ಅವರ ಮಾತಿಗೆ ಅತಿ ಕಹಿ ಸಾಕ್ಷಿ ಅದೇ ವರ್ಷ ಮೇ 22ರ ಮ್ಯಾಂಚೆಸ್ಟರ್ ಅರೀನಾ ಸ್ಫೋಟ. ಬಾಂಬು ಸಿಡಿದದ್ದು ರಾತ್ರಿ 10.31ಕ್ಕೆ. ಅರ್ಧ ಮೈಲಿಯಷ್ಟು ಹತ್ತಿರದಲ್ಲಿ ಅಗ್ನಿಶಾಮಕ ಠಾಣೆ ಇತ್ತು. ಅಲ್ಲಿನವರನ್ನು ಸ್ಥಳಕ್ಕೆ ಕಳಿಸುವ ಬದಲು ಸುಮಾರು ಮೂರು ಮೈಲಿ ದೂರದ ಇನ್ನೊಂದು ಠಾಣೆಯಲ್ಲಿ ಸೇರಿಸಿದರು. ಬಂದೂಕುಧಾರಿ ಇರಬಹುದೆಂಬ ಅನುಮಾನ, ಪೊಲೀಸ್ ಅಧಿಕಾರಿಯ ಜೊತೆ ಸಂಪರ್ಕ ಸಿಗಲಿಲ್ಲ, ಯಾರು ಎಲ್ಲಿ ಸೇರಬೇಕೆಂಬುದೇ ಒಬ್ಬೊಬ್ಬರಿಗೆ ಒಂದೊಂದು. ಅಗ್ನಿಶಾಮಕದವರು ಬಂದಾಗ ಎರಡು ಗಂಟೆಗೂ ಹೆಚ್ಚಾಗಿತ್ತು. ಅಷ್ಟರಲ್ಲಿ ಗಾಯಾಳುಗಳನ್ನು ಜಾಹೀರಾತು ಫಲಕ, ತಡೆಬೇಲಿಗಳ ಮೇಲೆ ಮಲಗಿಸಿ ಹೊತ್ತು ಇಳಿಸಿದ್ದರು. ಸ್ಟ್ರೆಚರ್, ಹೊರುವ ತೋಳು ಎರಡೂ ಬೇಕಾಗಿದ್ದ ಹೊತ್ತು ಅದು. ಜಂಟಿ ಕಾರ್ಯಾಚರಣೆಯ ಪುಸ್ತಕ, ತರಬೇತಿ ಎಲ್ಲ ಅದಕ್ಕೆ ಮೊದಲೇ ಇತ್ತು.

ಆ ಪುಸ್ತಕದ ಮೊದಲ ಸೂತ್ರವೇ ಮೂರೂ ಸೇವೆಯ ಮೇಲ್ವಿಚಾರಕರು ಸ್ಥಳದಲ್ಲಿ ಒಂದೇ ಕಡೆ ಮುಖಾಮುಖಿ ನಿಲ್ಲಬೇಕು ಎಂಬುದು. ಮೊದಲು ತಲುಪಿದವರು, ಯಾವ ಸೇವೆಯವರೇ ಆಗಲಿ, ಒಂದೇ ಕ್ರಮದಲ್ಲಿ ವರದಿ ಕೊಡಬೇಕು: ಇದು ದೊಡ್ಡ ಅವಘಡವೇ; ನಿಖರ ಜಾಗ; ಏನು ನಡೆದಿದೆ; ಅಪಾಯಗಳೇನು; ಒಳಬರುವ, ಹೊರಹೋಗುವ ದಾರಿ; ಗಾಯಾಳುಗಳ ಸಂಖ್ಯೆ; ಯಾವ ಸೇವೆ ಬಂದಿದೆ, ಇನ್ನೇನು ಬೇಕು. ನಮ್ಮಲ್ಲೂ ಇದನ್ನು ಕನ್ನಡದಲ್ಲಿ ಒಂದು ಕಾರ್ಡಿಗೆ ಅಚ್ಚು ಹಾಕಿಸಿ ಎರಡೂ ಗಾಡಿಯ ಡ್ಯಾಶ್‌ಬೋರ್ಡಿಗೆ ಅಂಟಿಸಬಹುದು.

ಚಿಲ್ಲರೆ_ಪ್ರಶ್ನೆ
ಸರಿ, ಸೇರಿಸುವ ಮಾತು ವಾಪಸ್. ಹಾಗಾದರೆ ಹೆದ್ದಾರಿಯ ಅಪಘಾತದಲ್ಲಿ ಯಾರು ಯಜಮಾನರು? ಠಾಣಾಧಿಕಾರಿಯೋ, ನರ್ಸೋ?

ವಾಚ್‌ರೂಮ್_ಗಂಟೆ
ಜಾಗ ನಮ್ಮದು, ಜೀವ ಅವರದು. ಗಾಡಿಯ ಸುತ್ತ ಯಾರು ಹೋಗಬಹುದು, ಯಾವಾಗ ಹಿಂದೆ ಸರಿಯಬೇಕು ಎನ್ನುವುದು ಅಗ್ನಿಶಾಮಕ ಮೇಲ್ವಿಚಾರಕನ ಮಾತು. ಒಳಗಿದ್ದವನನ್ನು ಯಾವ ಭಂಗಿಯಲ್ಲಿ, ಎಷ್ಟು ಬೇಗ ತೆಗೆಯಬೇಕು ಎನ್ನುವುದು ಇಎಂಟಿ (ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವವರು, ಇಲ್ಲಿ ನರ್ಸ್) ಮಾತು.

ಕ್ರಮ ಹೇಳುತ್ತೇನೆ. ಟೆಂಡರನ್ನು ಅಪಘಾತದ ಸ್ಥಳಕ್ಕೆ 20ರಿಂದ 30 ಮೀಟರ್ ಮೊದಲೇ, ಬರುವ ವಾಹನಗಳಿಗೆ ಅಡ್ಡವಾಗಿ ಓರೆ ನಿಲ್ಲಿಸಬೇಕು. ಮುಂದಿನ ಚಕ್ರ ಕೆಲಸದ ಜಾಗದ ಕಡೆ ತಿರುಗಿರಬಾರದು, ಹಿಂದಿನಿಂದ ಲಾರಿ ಗುದ್ದಿದರೂ ಟೆಂಡರ್ ನಮ್ಮ ಮೇಲೆ ಬರಬಾರದು. ಆಂಬುಲೆನ್ಸ್ ಟೆಂಡರನ್ನು ದಾಟಿ, ಅಪಘಾತದ ಆಚೆ, ಆಸ್ಪತ್ರೆಯ ದಾರಿಗೆ ಮೂತಿ ಮಾಡಿ ನಿಲ್ಲಬೇಕು. ಹಾಗೆ ನಿಂತರೆ ಹಿಂದಿನ ಬಾಗಿಲು ತೆರೆಯುವುದು ಕೆಲಸದ ಜಾಗಕ್ಕೆ, ಓಡಾಡುವ ವಾಹನಗಳಿಗಲ್ಲ. ಚಾಲಕ ಸೀಟು ಬಿಟ್ಟು ದೂರ ಹೋಗಬಾರದು, ಕೀ ಗಾಡಿಯಲ್ಲೇ ಇರಲಿ. ಆಮೇಲೆ ಬರುವ ಪೊಲೀಸ್ ಜೀಪು, ಕ್ರೇನು ಎದುರಿಗೆ ಅಡ್ಡ ನಿಂತು ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುವುದು ಅತಿ ಸಾಮಾನ್ಯ ತಪ್ಪು. ಒಬ್ಬ ಫೈರ್‌ಮನ್‌ಗೆ ಆ ದಾರಿ ಕಾಯುವುದೇ ಕೆಲಸ.

ನೀರು ತುಂಬಿದ ಒಂದು ಹೋಸ್ ಲೈನ್, ಬ್ರಾಂಚ್ (ಹೋಸಿನ ತುದಿಯ ನಳಿಕೆ) ಹಿಡಿದು ಒಬ್ಬ ಸಿದ್ಧ. ಕಾರಿನ ಚಕ್ರಕ್ಕೆ ಅಡೆ, ನಾಲ್ಕೂ ಕಡೆ ಬಾಗಿಲಡಿಯ ಪಟ್ಟಿಗೆ ಮರದ ದಿಂಡು. ಎಂಜಿನ್ ಬಂದ್, ಕೀ ಇಲ್ಲದ ಮಾದರಿಯಾದರೆ ಅದರ ರಿಮೋಟನ್ನು ಐದಾರು ಮೀಟರ್ ದೂರ ಒಯ್ಯಬೇಕು. ಬ್ಯಾಟರಿ ಕಳಚುವ ಮೊದಲು ಒಂದು ನಿಮಿಷ ತಡೆಯಿರಿ.

ನೀಲಿದೀಪ
ಆ ಒಂದು ನಿಮಿಷ ನಮಗ ಬೇಕ್ರಿ. ಕಿಟಕಿ ಇಳಿಸಬೇಕು, ಸೀಟ್ ಕರೆಂಟಿನದಾದ್ರ ಹಿಂದ ಸರಿಸಬೇಕು, ಬಾಗಿಲ ಲಾಕ್ ತೆಗೀಬೇಕು. ಬ್ಯಾಟರಿ ಹೋದ ಮ್ಯಾಲೆ ಇದ್ಯಾವುದೂ ಆಗೂದಿಲ್ಲ. ಆಮ್ಯಾಲೆ ಮೊದಲು ನೆಗೆಟಿವ್ ತೆಗೀರಿ.

ನಮ್ಮವರೊಬ್ಬರು ಹಿಂದಿನ ಸೀಟಿಗೆ ಹೋಗಿ ಎರಡೂ ಕೈಯಾಗ ತಲಿ ಹಿಡಿಬೇಕು. 108ರಾಗ ಇರೋದು ಇಬ್ಬರ, ಪೈಲಟ್ ಮತ್ತ ನರ್ಸ್. ತಲಿ ಹಿಡಿಯೋಕ ಒಬ್ಬರು ಹೋದ್ರ ರಕ್ತ ನಿಲ್ಲಿಸೋರು ಯಾರು? ಹಂಗಾಗಿ ತಲಿ ಹಿಡಿಯೋ ತರಬೇತಿ ಫೈರ್‌ಮನ್‌ಗೆ ಇರಬೇಕು, ನರ್ಸಿನ ಕೈ ಖಾಲಿ ಇರಬೇಕು. ಒಳಗ ಹೋದವರಿಗೆ ಹೆಲ್ಮೆಟ್, ಕನ್ನಡಕ, ದಪ್ಪ ಕೈಗವಸು ಠಾಣೆಯವರು ಕೊಡ್ರಿ. ನಮ್ಮ ರಬ್ಬರ್ ಗ್ಲೌಸ್ ಗಾಜಿಗೆ ತಡಿಯೂದಿಲ್ಲ.

ವಾಚ್‌ರೂಮ್_ಗಂಟೆ
ಗಾಜು: ಬಾಗಿಲದ್ದು ಪುಡಿಯಾಗಿ ಉದುರುತ್ತದೆ, ಮುಂದಿನದು ಪದರದ ಗಾಜು, ಕೊಯ್ಯಬೇಕು, ಪುಡಿ ಹಾರುತ್ತದೆ. ರೋಗಿಗೆ ಕಂಬಳಿ ಹೊದಿಸಿ, ಮಾಸ್ಕ್ ಹಾಕಿ. ಕಟರ್ ಮತ್ತು ರೋಗಿಯ ನಡುವೆ ಗಟ್ಟಿ ಹಲಗೆ. ಹೈಡ್ರಾಲಿಕ್ ಸಾಧನದ ಒತ್ತಡ 700 ಬಾರ್ ಆಸುಪಾಸು, ಕೈ ಜಾರಿದರೆ ಕತೆ ಬೇರೆ.

ಈಗಿನ ಕಾರುಗಳಲ್ಲಿ ಮಾಡು ಹೊತ್ತ ಕಂಬ ಕತ್ತರಿಸುವ ಮೊದಲು ಒಳಗಿನ ಪ್ಲಾಸ್ಟಿಕ್ ಹೊದಿಕೆ ಕಿತ್ತು ನೋಡಲೇಬೇಕು. ಕರ್ಟನ್ ಏರ್‌ಬ್ಯಾಗಿನ ಗ್ಯಾಸ್ ಸಿಲಿಂಡರ್, ಸೀಟ್‌ಬೆಲ್ಟ್ ಬಿಗಿಯುವ ಸಾಧನ ಅಲ್ಲೇ ಇರುತ್ತವೆ. ಅವನ್ನು ಕತ್ತರಿಸಿದರೆ ಸಿಡಿಯುತ್ತವೆ. ತೆರೆಯದ ಏರ್‌ಬ್ಯಾಗಿನ ಎದುರು ತಲೆ ಇಡಬಾರದು: ಪಕ್ಕದ್ದಕ್ಕೆ 5 ಅಂಗುಲ, ಸ್ಟೀರಿಂಗಿನದಕ್ಕೆ 10, ಪಕ್ಕದ ಸೀಟಿನ ಮುಂದಿನದಕ್ಕೆ 20 ಅಂಗುಲ ದೂರ. ಬ್ಯಾಟರಿ ಕಳಚಿದ ಮೇಲೂ ಸ್ವಲ್ಪ ಹೊತ್ತು ಏರ್‌ಬ್ಯಾಗಿನಲ್ಲಿ ಚಾರ್ಜ್ ಇರಬಹುದು. ವಿದ್ಯುತ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವಂತಿಲ್ಲ.

ಕೆಲಸ ಶುರುಮಾಡುವಾಗಲೇ ಎರಡು ದಾರಿ ಹೇಳಿಕೊಳ್ಳಬೇಕು. ಮೊದಲನೆಯದು ನಿಧಾನದ್ದು: ಬಾಗಿಲು, ಕಂಬ, ಬೇಕಾದರೆ ಮಾಡು ತೆಗೆದು ಬೆನ್ನು ನೇರವಾಗಿಟ್ಟು ಬೋರ್ಡಿನ ಮೇಲೆ ಹೊರತೆಗೆಯುವುದು. ಎರಡನೆಯದು, ಇಎಂಟಿ "ಈಗಲೇ" ಎಂದರೆ ಮೂವತ್ತು ಸೆಕೆಂಡಿನಲ್ಲಿ ಯಾವ ಬಾಗಿಲಿಂದ ಎಳೆಯುತ್ತೇವೆ ಎನ್ನುವುದು. ಎರಡನೇ ದಾರಿಯ ಬಾಗಿಲನ್ನು ಮೊದಲೇ ತೆರೆದಿಡಬೇಕು.

ನೀಲಿದೀಪ
ಡ್ಯಾಶ್‌ಬೋರ್ಡ್ ಕಾಲ ಮ್ಯಾಲೆ ಒತ್ತಿ ಕೂತಿದ್ರ, ರ್‍ಯಾಮ್ (ತಳ್ಳೋ ಹೈಡ್ರಾಲಿಕ್ ದಂಡ) ಹಚ್ಚಿ ಎತ್ತೋ ಮುಂಚೆ ನಮಗ ಹೇಳ್ರಿ. ಒತ್ತಡ ಇದ್ದಾಗ ನಿಂತಿದ್ದ ರಕ್ತ, ಎತ್ತಿದ ಕೂಡಲೆ ಹರಿಯೋಕ ಶುರು ಮಾಡ್ತದ. ಭಾಳ ಹೊತ್ತು ಸಿಕ್ಕಿದ್ರ ಜಜ್ಜಿದ ಸ್ನಾಯುವಿನ ಪೊಟ್ಯಾಸಿಯಂ ರಕ್ತಕ್ಕ ಬಂದು ಹೃದಯ ನಿಲ್ಲಬಹುದು. ಐವಿ ಹಾಕಿ, ಸಲೈನ್ ಬಿಟ್ಟು, ಕಾಲ್ ಸೆಂಟರಿನ ವೈದ್ಯರ ಜೊತೆ ಮಾತಾಡಿ, ರಕ್ತ ನಿಲ್ಲಿಸಾಕ ಬಿಗಿಯೋ ಪಟ್ಟಿ ಟೂರ್ನಿಕೆ ತಯಾರು ಇಟ್ಟ ಮ್ಯಾಲೆ ಎತ್ರಿ. ಟೂರ್ನಿಕೆ ಬಿಗಿದ್ರ ಟೈಮ್ ಅದರ ಮ್ಯಾಲೇ ಬರೀಬೇಕು.

ಟ್ರ್ಯಾಕ್ಟರ್ ಟ್ರೇಲರ್ ಮಗಚಿ ಕೂಲಿಯವರು ಅಡಿಯಾಗ ಸಿಕ್ಕಾಗಲೂ ಇದೇ ಮಾತು. ಊರ ಮಂದಿ ಹಗ್ಗ ಕಟ್ಟಿ ಎಳಿಯೋಕ ನೋಡ್ತಾರ, ಅದು ಮತ್ತ ಜಾರಿ ಕೂರ್ತದ.

ವಾಚ್‌ರೂಮ್_ಗಂಟೆ
ಅಲ್ಲಿ ಗಾಳಿ ತುಂಬಿ ಭಾರ ಎತ್ತುವ ಲಿಫ್ಟಿಂಗ್ ಬ್ಯಾಗು. ಒಂದು ಅಂಗುಲ ಎತ್ತು, ಒಂದು ಅಂಗುಲ ದಿಂಡು ಕೊಡು. ಬರೀ ಬ್ಯಾಗಿನ ಮೇಲೆ ನಂಬಿಕೆ ಇಟ್ಟು ಕೈ ತೂರಿಸಬಾರದು. ಇನ್ನು ಬಾವಿ, ಮ್ಯಾನ್‌ಹೋಲಿನ ಕರೆಯಲ್ಲಿ ಇಎಂಟಿ ಒಳಗೆ ಇಳಿಯುವ ಮಾತೇ ಇಲ್ಲ. ಬಿಎ ಸೆಟ್ಟು, ಹಾರ್ನೆಸ್ ಹಾಕಿದವರು ಮಾತ್ರ ಇಳಿಯಬೇಕು. ಸಕ್ಷನ್, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗು ಹಿಡಿದು ಇಎಂಟಿ ಮೇಲೆ ಕಾಯಲಿ.

ಲೀಡ್ಸ್_ಕನ್ನಡತಿ
ಬೆಂಕಿಯ ಕರೆಯಲ್ಲಿ ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು ಎನ್ನುವುದನ್ನೂ ಬರೆಯಿರಿ. ಗಾಳಿ ಬರುವ ಕಡೆ, ಸಾಧ್ಯವಾದರೆ ಎತ್ತರದಲ್ಲಿ, ಹೋಸ್ ಹಾಸುವ ದಾರಿ ಬಿಟ್ಟು. ನೀರು ತುಂಬಿದ ಹೋಸ್ ಮೇಲೆ ಆಂಬುಲೆನ್ಸ್ ಹತ್ತಿಸುವಂತಿಲ್ಲ, ಆಂಬುಲೆನ್ಸ್ ಒಳಗಿದ್ದು ಹೋಸ್ ಸುತ್ತುಗಟ್ಟಿದರೆ ಅದು ಅಲ್ಲೇ ಬಂದಿ.

ಹೊಗೆ ಕುಡಿದವರ ಬೆರಳಿಗೆ ಆಕ್ಸಿಮೀಟರ್ ಹಾಕಿ 98 ಬಂತೆಂದು ಬಿಟ್ಟುಬಿಡಬಾರದು. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಆ ಯಂತ್ರ ಆಕ್ಸಿಜನ್ ಇರುವ ರಕ್ತವೆಂದೇ ಓದುತ್ತದೆ. ಚೀಲವಿರುವ ಮಾಸ್ಕಿನಲ್ಲಿ 15 ಲೀಟರ್ ಕೊಟ್ಟೇ ಕೊಡಬೇಕು. ಹೊರಗಿನ ಗಾಳಿಯಲ್ಲಿ ಆ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಹೀಗೆ ಕೊಟ್ಟರೆ ಒಂದು, ಒಂದೂವರೆ ಗಂಟೆ. ಮೂಗಿನಲ್ಲಿ ಮಸಿ, ದನಿ ಒಡೆದಿದ್ದರೆ ಗಂಟಲು ಊದಿ ಮುಚ್ಚುವ ಸೂಚನೆ, ಅವರನ್ನು ಮೊದಲು ಸಾಗಿಸಬೇಕು. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ನೀರು. ಟೆಂಡರಿನ ನೀರು ಸ್ವಚ್ಛವಾಗಿದ್ದರೆ ಪಂಪ್ ಒತ್ತಡ ಇಲ್ಲದೆ ಬಿಡಬಹುದು. ಮಕ್ಕಳಾದರೆ ಗಾಯಕ್ಕಷ್ಟೇ ನೀರು, ಉಳಿದ ಮೈ ಬೆಚ್ಚಗಿರಲಿ.

ಆಂಬುಲೆನ್ಸ್ ಅಗ್ನಿಶಾಮಕದವರಿಗೂ ಬೇಕು. ಎರಡು ಬಿಎ ಸಿಲಿಂಡರ್ ಮುಗಿಸಿ ಹೊರಬಂದವನು ಕನಿಷ್ಠ 20 ನಿಮಿಷ ಕೂರಬೇಕು, ಕೋಟು ಬಿಚ್ಚಬೇಕು, ನೀರು ಕುಡಿಯಬೇಕು, ನಾಡಿ ನೋಡಿಸಿಕೊಳ್ಳಬೇಕು. ಒಂದೇ ಠಾಣೆಯಲ್ಲಿರುವುದರ ನಿಜವಾದ ಲಾಭ ಇಂಥ ಕಡೆ ಕಾಣುತ್ತದೆ. ಮುಖ ಪರಿಚಯ ಇದ್ದರೆ "ಕೂತ್ಕೋ" ಎಂದರೆ ಕೂರುತ್ತಾರೆ.

ಚಿಲ್ಲರೆ_ಪ್ರಶ್ನೆ
ಆಂಬುಲೆನ್ಸ್ ಇನ್ನೊಂದು ಕರೆಗೆ ಹೋಗಿದ್ದರೆ ಗಾಯಾಳುವನ್ನು ಟೆಂಡರಿನಲ್ಲೇ ಒಯ್ಯಬಹುದೇ?

ವಾಚ್‌ರೂಮ್_ಗಂಟೆ
ಬೇಡ. ಮಲಗಿಸಲು ಜಾಗವಿಲ್ಲ, ಕೂರಿಸಿದರೆ ಬೆನ್ನುಮೂಳೆಗೆ ಅಪಾಯ, ಟೆಂಡರ್ ಹೋದರೆ ಸ್ಥಳದಲ್ಲಿ ಬೆಂಕಿ ಕಾಯುವವರಿಲ್ಲ.

ನೀಲಿದೀಪ
ನಾ ಪೂರ್ತಿ ಒಪ್ಪೂದಿಲ್ಲ ಸರ್. ತೊಡಿಯಿಂದ ರಕ್ತ ಚಿಮ್ಮಾಕತ್ತಿದ್ರ, ಹತ್ತಿರದ ಆಂಬುಲೆನ್ಸ್ 40 ನಿಮಿಷ ದೂರ ಐತಿ ಅಂದ್ರ, ಒತ್ತಿ ಹಿಡಿದು, ಟೂರ್ನಿಕೆ ಕಟ್ಟಿ, ಸಿಕ್ಕ ಗೂಡ್ಸ್ ಗಾಡಿಯಾಗ ಮಲಗಿಸಿ ಎದುರಿಗೆ ಬರೋ ಆಂಬುಲೆನ್ಸಿಗೆ ಅರ್ಧ ದಾರಿಯಾಗ ಕೊಡೋದು ಛಲೋ. ಅದಕ್ಕ 108ರ ವೈದ್ಯರ ಫೋನ್ ಹಿಡಿದೇ ನಿರ್ಧಾರ ಮಾಡ್ರಿ. ಒಯ್ದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರಾಗ ಸೇರಿಸಿದ 134ಎ ಕಲಂ ರಕ್ಷಣಾ ಕೊಡ್ತದ.

ಕರೆ_ಕೇಳುವವ
ಆಂಬುಲೆನ್ಸ್ ಠಾಣೆಯಲ್ಲಿ ಇಲ್ಲದಿರುವುದೇ ಹೆಚ್ಚು ಎನ್ನುವುದನ್ನು ರಂಗ ಅವರು ಲೆಕ್ಕಕ್ಕೆ ಹಿಡಿಯಬೇಕು. ಗರ್ಭಿಣಿಯನ್ನು ಜಿಲ್ಲಾ ಆಸ್ಪತ್ರೆಗೆ ಬಿಟ್ಟು ಬರಲು ಮೂರು ಗಂಟೆ ಹೋಗುತ್ತದೆ. ಆ ಹೊತ್ತಿನಲ್ಲಿ ಬೇ ಖಾಲಿ. ಹಾಗಾಗಿ ವಾಚ್ ರೂಮಿನ ಗೋಡೆಯ ಮೇಲೆ ಒಂದು ಬೋರ್ಡು ಇರಲಿ: ಆಂಬುಲೆನ್ಸ್ ಒಳಗಿದೆ, ಹೊರಗಿದೆ, ಎಷ್ಟು ಹೊತ್ತಿಗೆ ವಾಪಸ್, ಅಕ್ಕಪಕ್ಕದ ತಾಲೂಕಿನ ಗಾಡಿ ಎಲ್ಲಿದೆ. ಅವರ ಕೈಯಲ್ಲಿ ಮೊಬೈಲು, ನಿಮ್ಮ ಕೈಯಲ್ಲಿ ವೈರ್‌ಲೆಸ್, ಹೆದ್ದಾರಿಯ ಕಣಿವೆಯಲ್ಲಿ ಎರಡೂ ಒಂದಕ್ಕೊಂದು ಕೇಳಿಸುವುದಿಲ್ಲ. ಟೆಂಡರಿನ ಒಂದು ಹೆಚ್ಚುವರಿ ವಾಕಿಟಾಕಿಯನ್ನು ಸ್ಥಳದಲ್ಲಿ ಇಎಂಟಿಗೆ ಕೊಡುವುದು ಅಭ್ಯಾಸವಾಗಲಿ. ವಾಪಸ್ ಪಡೆಯಲು ಸಹಿ ಪುಸ್ತಕ ಬೇಕು, ಇಲ್ಲದಿದ್ದರೆ ತಿಂಗಳೊಳಗೆ ಅದು ಕಾಣೆಯಾಗಿ ಆಡಿಟ್ ಟಿಪ್ಪಣಿ ಬರುತ್ತದೆ.

ನಕ್ಷೆ_ರಂಗ
ಎಲ್ಲರಿಗೂ ಧನ್ಯವಾದ. ಬದಲಾದ ನಕ್ಷೆ ಹೀಗಿದೆ: ಆಂಬುಲೆನ್ಸ್ ಬೇ ಪೂರ್ವದ ತುದಿಗೆ, ಪಕ್ಕದ ರಸ್ತೆಗೆ ಬೇರೆ ಗೇಟು, ಮೊಗಸಾಲೆ, ಆಕ್ಸಿಜನ್ ಕೋಣೆ ಕಾಂಪೌಂಡಿನ ಹಿಂದೆ, ಇಂಧನದ ಕೋಣೆಯಿಂದ 30 ಅಡಿ, ಮಹಿಳೆಯರಿಗೆ ಕೋಣೆ, ಶೌಚಾಲಯ, ಎರಡು ತೊಳೆಯುವ ಕಟ್ಟೆ, ಎರಡು ಚರಂಡಿ. ಗಂಟೆ ಮಾತ್ರ ಒಂದೇ ಇಟ್ಟಿದ್ದೇನೆ. ಪರವಾಗಿಲ್ಲವೇ?

ವಾಚ್‌ರೂಮ್_ಗಂಟೆ
ಬೇಡ. ಆಂಬುಲೆನ್ಸಿಗೆ ರಾತ್ರಿಯೆಲ್ಲ ಕರೆ ಇರುತ್ತದೆ. ಪ್ರತಿ ಕರೆಗೂ ಬ್ಯಾರಕ್ಕಿನಲ್ಲಿದ್ದವರೆಲ್ಲ ಎದ್ದು ಕೂತರೆ, ಬೆಳಗಿನ ಜಾವದ ಬೆಂಕಿಗೆ ಹೊರಡುವಾಗ ನಿದ್ದೆಗಣ್ಣಿನ ಚಾಲಕ ಸಿಗುತ್ತಾನೆ. ಮೂರು ಸ್ವಿಚ್ ಕೊಡಿ: ಟೆಂಡರಿಗೆ ದೊಡ್ಡ ಗಂಟೆ, ಆಂಬುಲೆನ್ಸಿಗೆ ಅವರ ಕೋಣೆಯಲ್ಲಷ್ಟೇ ಬಜರ್, ಎರಡೂ ಒಟ್ಟಿಗೆ ಹೊರಡುವ ಕರೆಗೆ ಮೂರನೆಯದು. ಡ್ರಿಲ್ ಮೈದಾನದ ಮೂಲೆಯಲ್ಲಿ ಗಾಯಾಳು ಹೊರತೆಗೆಯುವ ಅಭ್ಯಾಸಕ್ಕೆ ಗುಜರಿ ಕಾರು ನಿಲ್ಲಿಸಲು 6 ಮೀಟರ್‌ಗೆ 4 ಮೀಟರ್ ಕಾಂಕ್ರೀಟ್ ಹಾಸು ಸೇರಿಸಿ. ಮಣ್ಣಿನ ಮೇಲೆ ಗಾಜು ಗುಡಿಸಲು ಆಗುವುದಿಲ್ಲ.

ನೀಲಿದೀಪ
ಮತ್ತ ಆ ಗುಜರಿ ಕಾರಿನ ಸೀಟ್ ಕಿತ್ತು ಮಾರಬ್ಯಾಡ್ರಿ ಅಂತ ಈಗಲೇ ಹೇಳಿಡ್ರಿ. ಸೀಟ್ ಇಲ್ಲದ ಕಾರಿನಾಗ ತಲಿ ಹಿಡಿಯೋದು ಕಲಸಾಕ ಆಗೂದಿಲ್ಲ.